ನನ್ನ ಪಾದ, ಅವಳ ಮೊಣಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಆ ಸುದ್ದಿ ಹಬ್ಬಿದ್ದೇ ತಡ, ನಾನು ನಿಲ್ಲಲು ಕಲಿಯುವುದನ್ನೇ ಜನ ಕಾಯುತ್ತಿದ್ದರಂತೆ. ಹಾಗೆ ಹುಟ್ಟಿದವರು ಉಳುಕಿದ ಜಾಗಕ್ಕೆ ಪಾದ ಮುಟ್ಟಿಸಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮುಟ್ಟಿಸಿಕೊಂಡವರು ಆಮೇಲೆ ಮಲಗುವಂತಿಲ್ಲ, ಎದ್ದು ಸೀದಾ ತಮ್ಮ ಕೆಲಸಕ್ಕೆ ಹೋಗಬೇಕು. ಅಂಗಳದಲ್ಲಿ ಬೋರಲು ಮಲಗಿದ ದೊಡ್ಡವರ ನಡದ ಮೇಲೆ ಅವ್ವ ನನ್ನ ಕೈಹಿಡಿದು ನಿಲ್ಲಿಸುತ್ತಿದ್ದದ್ದು ನನಗಿನ್ನೂ ನೆನಪಿದೆ. ಸಂಸ್ಕೃತ ಪಾಠ ಹೇಳುತ್ತಿದ್ದ ಅಪ್ಪನಿಗೆ ಇದೆಲ್ಲ ಹುಚ್ಚಾಟ. ತಮ್ಮ ನಡ ಹಿಡಿದ ದಿನ ಮಾತ್ರ ಅವರೂ ತೆಪ್ಪಗೆ ಬೋರಲು ಮಲಗಿದರು.

ಈಗ ನಾನು ಶಿಗ್ಗಾವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಲುಬು, ಕೀಲುಗಳ ಪಾಠ ಮುಗಿಸಿ ಹೊರಗೆ ಬಂದರೆ ಯಾರದೋ ತಾಯಿ ನಡ ಹಿಡಿದುಕೊಂಡು ನನಗಾಗಿ ನಿಂತಿರುತ್ತಾಳೆ. ಏನು ಮಾಡಲಿ? ಹಿಡಿದ ನಡ ನಾಲ್ಕಾರು ದಿನದಲ್ಲಿ ತಾನಾಗಿಯೇ ಬಿಡುತ್ತದೆ, ಹೆಸರು ನನ್ನ ಕಾಲಿಗೆ ಬರುತ್ತದೆ. ಯಾರ ಗಂಟೂ ಹೋಗುವುದಿಲ್ಲವಲ್ಲ ಎಂದು ಮುಟ್ಟಿಸಿ ಕಳಿಸುತ್ತಿದ್ದೆ.

ನಮ್ಮ ಎದುರು ಮನೆಯ ಕಿರಾಣಿ ಅಂಗಡಿಯವರ ಮಗಳು ನನ್ನದೇ ವಿದ್ಯಾರ್ಥಿನಿ, ಒಂಬತ್ತನೆಯ ತರಗತಿ. ಕಬಡ್ಡಿಯಲ್ಲಿ ಅವಳು ರೇಡಿಗೆ ಹೋದರೆ ಎದುರಿನವರು ಮೂಲೆಗೆ ಸರಿಯುತ್ತಿದ್ದರು. ಚಲೋ ಆಡುವ ಹುಡುಗಿ ಎಂದ ಮೇಲೆ ಮುಗಿಯಿತು, ಎಲ್ಲ ಆಟಕ್ಕೂ ಅವಳೇ ಬೇಕು. ತಾಲೂಕು ಕ್ರೀಡಾಕೂಟದಲ್ಲಿ ಬೆಳಿಗ್ಗೆ ಓಟ, ಅದು ಮುಗಿಯುತ್ತಲೇ ಉದ್ದಜಿಗಿತ, ಊಟಕ್ಕೆ ಮೊದಲು ಖೋಖೋ, ಬಿಸಿಲಿಳಿದ ಮೇಲೆ ಕಬಡ್ಡಿ. ಭಾನುವಾರ ಬಂದರೆ ಹುಲಗೂರು, ಹಂಸಭಾವಿ, ಎಲ್ಲಿ ಪಂದ್ಯವಿದ್ದರೆ ಅಲ್ಲಿಗೆ. ಮೈ ಕಾಯಿಸಿಕೊಳ್ಳಲು ಹೊತ್ತಿಲ್ಲ, ಆಡಿದ ಮೈಗೆ ಬಿಡುವಿಲ್ಲ. ಒಂದೇ ವರ್ಷದಲ್ಲಿ ಲಂಗ ಗಿಡ್ಡವಾಗುವಷ್ಟು ಬೆಳೆದಿದ್ದಳು ಬೇರೆ. ಕಲ್ಲಿನಂತೆ ಗಟ್ಟಿಯಾದ ಮೈದಾನ, ಬರಿಗಾಲು, ಬೆಳಿಗ್ಗೆ ತಿಂದ ಅರ್ಧ ರೊಟ್ಟಿ. ಆ ಮೊಣಕಾಲಾದರೂ ಎಷ್ಟೆಂದು ತಡೆದೀತು?

ಚಿಪ್ಪಿನ ಕೆಳಗೆ ನೋಯುವ ಗಂಟೊಂದು ಎದ್ದಿತ್ತು. ಅದನ್ನವಳು ಎಷ್ಟೋ ದಿನ ಮುಚ್ಚಿಟ್ಟುಕೊಂಡಿದ್ದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದನ್ನು ಕಂಡು ಅವಳವ್ವನೇ ನನ್ನ ಬಳಿ ಕರೆತಂದಳು. ಕ್ರೀಡಾ ವಸತಿ ಶಾಲೆಯ ಆಯ್ಕೆ ಹತ್ತಿರ ಬಂದಿತ್ತು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಆ ಬಾಗಿಲು ತೆರೆಯುವುದಿಲ್ಲ. ಅದಕ್ಕೂ ಮೊದಲು ಹಿರೇಕೆರೂರಿನಲ್ಲಿ ಒಂದು ಪಂದ್ಯವಿತ್ತು, ಆಯ್ಕೆ ಮಾಡುವವರು ಅಲ್ಲಿಗೂ ಬರುತ್ತಾರೆಂದು ಸುದ್ದಿ.

"ಒಂದ ಸಲ ಕಾಲ ಇಡ್ರಿ ಅಕ್ಕೋರ, ಹುಡುಗಿಗೆ ಧೈರ್ಯ ಬರ್ತೈತಿ" ಎಂದಳು ಅವಳವ್ವ.

ನಾನು ಒಲ್ಲೆನೆಂದೆ. ಸಿಟ್ಟೂ ಬಂದಿತ್ತು. ನಡ ಹಿಡಿದ ಮುದುಕಪ್ಪ ಪಾದ ಮುಟ್ಟಿಸಿಕೊಂಡು ಎದ್ದು ಹೋದರೆ ಹೆಚ್ಚೆಂದರೆ ಹೊಲದ ತನಕ ಹೋಗುತ್ತಾನೆ. ಇವಳು ಎದ್ದರೆ ಸೀದಾ ಕಬಡ್ಡಿ ಅಂಕಣಕ್ಕೆ ಹೋಗುವವಳು. ನನ್ನ ಪಾದ ಅವಳಿಗೆ ಔಷಧವಲ್ಲ, ಆಡಲು ಕೊಡುವ ಅಪ್ಪಣೆ. ಅದನ್ನು ಬಿಡಿಸಿ ಹೇಳಿದೆ. ಇಬ್ಬರೂ ನನ್ನ ಮುಖ ನೋಡಿದರೇ ಹೊರತು ಮಾತು ಕಿವಿಗೆ ಹೋದಂತೆ ಕಾಣಲಿಲ್ಲ.

ಮರುದಿನ ನಾನೇ ಅವರನ್ನು ಹಾವೇರಿಗೆ ಎಲುಬಿನ ಡಾಕ್ಟರ ಬಳಿ ಕರೆದೊಯ್ದೆ. ಬೆಳೆಯುವ ವಯಸ್ಸಿನಲ್ಲಿ ಎಲುಬು ಬೇಗ ಉದ್ದವಾಗುತ್ತದೆ, ಸ್ನಾಯು ಅಷ್ಟು ಬೇಗ ಉದ್ದವಾಗುವುದಿಲ್ಲ, ಹೀಗಾಗಿ ಓಡಿದಾಗ ಜಿಗಿದಾಗಲೆಲ್ಲ ಅದು ಎಳೆ ಎಲುಬನ್ನು ಎಳೆಯುತ್ತದೆ ಎಂದು ಅವರು ಹೇಳಿದರು. ಆಟವನ್ನೇ ಬಿಡಬೇಕೆಂದಿಲ್ಲ, ಎರಡು ಮೂರು ತಿಂಗಳು ಬಿಡುವು ಸಾಕು, ನೋವಿನಲ್ಲೇ ಆಡಿದರೆ ಕಾಲು ಸೋತು ತಿರುಚೀತು, ಎಲುಬುಗಳನ್ನು ಹಿಡಿದಿಡುವ ಒಳಗಿನ ಕಟ್ಟು ಹರಿದೀತು ಎಂದರು. ಹುಡುಗಿ ಒಂದೇ ಪ್ರಶ್ನೆ ಕೇಳಿದಳು, ಆಯ್ಕೆ ಮುಗಿದ ಮೇಲೆ ಬಿಡುವು ತೆಗೆದುಕೊಂಡರೆ ನಡೆಯುತ್ತದೆಯೇ ಎಂದು.

ಆಟದ ಮಾಸ್ತರರಿಗೆ ಹೇಳಿದೆ. ಕೆಟ್ಟ ಮನುಷ್ಯರಲ್ಲ ಅವರು. ಹೌದೆಂದು ತಲೆಯಾಡಿಸಿದರು. ಅವಳಿಲ್ಲದಿದ್ದರೆ ಉಳಿದ ಹುಡುಗಿಯರೂ ಮೊದಲ ಸುತ್ತಿಗೇ ಮನೆಗೆ ಬರುತ್ತಾರೆ, ಅವರಿಗೇನು ಹೇಳಲಿ ಎಂದು ನನ್ನನ್ನೇ ಕೇಳಿದರು. ಅವಳಪ್ಪ ಅಂಗಡಿಯಲ್ಲಿ ಸಕ್ಕರೆ ತೂಗುತ್ತ, ನೀವು ಹೇಳಿದ್ದು ಖರೆ ಎಂದ. ಎಲ್ಲರೂ ಖರೆ ಎಂದರು, ಒಬ್ಬರೂ ತಡೆಯಲಿಲ್ಲ. ಒಂದು ವಾರ ಮನೆಯಲ್ಲಿದ್ದ ಹುಡುಗಿ ಸವಣೂರಿನ ಪಂದ್ಯಕ್ಕೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹೊರಟೇಬಿಟ್ಟಳು. ಗೆದ್ದೂ ಬಂದಳು. ಅಲ್ಲಿಗೆ ಡಾಕ್ಟರು ಸುಳ್ಳಾದರು, ನಾನೂ ಸುಳ್ಳಾದೆ.

ಹಿರೇಕೆರೂರಿಗೆ ನಾನೂ ಹೋದೆ. ಏಕೆ ಹೋದೆನೋ, ಹೋಗಿ ಏನು ಮಾಡುವವಳಿದ್ದೆನೋ. ದ್ವಿತೀಯಾರ್ಧದಲ್ಲಿ ಅವಳು ರೇಡಿಗೆ ಹೋಗಿ ಇಬ್ಬರನ್ನು ಮುಟ್ಟಿ ಹಿಂದಿರುಗುವಾಗ ಮೂಲೆಯ ಹುಡುಗಿ ಪಾದ ಹಿಡಿದಳು. ಪಾದ ಅಲ್ಲೇ ಉಳಿಯಿತು, ಮೈ ತಿರುಗಿತು. ಬಿದ್ದವಳು ನೆಲದ ಮೇಲೆಯೇ ಕೈ ಚಾಚಿ ಗೆರೆ ಮುಟ್ಟಿದಳು. ಅಂಕ ಬಂತೆಂದು ಜನ ಸಿಳ್ಳೆ ಹಾಕಿದರು. ಅವಳು ಏಳಲಿಲ್ಲ.

ನಾನು ಗದ್ದಲ ಸೀಳಿಕೊಂಡು ಹೋಗುವಷ್ಟರಲ್ಲಿ ಯಾರೋ ಇಬ್ಬರು ಉಳುಕು ತೆಗೆಯುತ್ತೇವೆಂದು ಆ ಕಾಲನ್ನು ಹಿಡಿದು ಜಗ್ಗುತ್ತಿದ್ದರು. ಅವಳು ಕೂಗುತ್ತಿದ್ದಳು. ಬಿಡಿ ಎಂದು ಚೀರಿದೆ. ಕೂಲ್‌ಡ್ರಿಂಕ್ಸ್ ಅಂಗಡಿಯಿಂದ ಬರ್ಫ ತರಿಸಿ, ನನ್ನ ಸೆರಗಿನಲ್ಲಿ ಸುತ್ತಿ ಒತ್ತಿ ಹಿಡಿದೆ. ಅಷ್ಟೇ ನನ್ನಿಂದಾದದ್ದು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ವರ್ಷವಿಡೀ ಮೈದಾನಕ್ಕೆ ಇಳಿಯುವಂತಿಲ್ಲ ಎಂದರು. ಆಯ್ಕೆ ಅವಳಿಲ್ಲದೆ ನಡೆದುಹೋಯಿತು. ನೋಡಲು ಹೋದಾಗ ಅವಳವ್ವ ನನಗೆ ಕುರ್ಚಿ ಕೊಟ್ಟಳು, ಚಹಾ ಕೊಟ್ಟಳು, ಎಲ್ಲ ಕೊಟ್ಟು ಮೆಲ್ಲಗೆ ಹೇಳಿದಳು: "ಅವತ್ತ ಒಂದ ಸಲ ಕಾಲ ಇಟ್ಟಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ?"

ಎಳೆ ಎಲುಬಿನ ಕಥೆಯನ್ನು ಆ ತಾಯಿಯ ಮುಂದೆ ಮತ್ತೆ ಯಾವ ಬಾಯಿಂದ ಹೇಳಲಿ? ಚಹಾ ಕುಡಿದು ಬಂದೆ. ಆಮೇಲೆ ಎದುರು ಮನೆಯವರು ನನ್ನನ್ನು ಕಂಡರೆ ಬಾಗಿಲು ಹಾಕುತ್ತಿರಲಿಲ್ಲ, ನಿಂತು ಮಾತಾಡುತ್ತಲೂ ಇರಲಿಲ್ಲ.

ಮೊನ್ನೆ ಸಂಜೆ ಹುಡುಗಿ ಒಬ್ಬಳೇ ಬಂದಳು. ಡಾಕ್ಟರು ಹೇಳಿದ ವರ್ಷ ಇನ್ನೂ ಮುಗಿದಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದಳು. ಆಪರೇಷನ್ ಆಗಿದ್ದು ಬಲಗಾಲಿಗೆ, ಇವಳು ಚಾಚಿದ್ದು ಎಡಗಾಲು. ಮೊಣಕಾಲು ಬಾತಿತ್ತು, ಮೇಲೆ ಹೊಸದಾಗಿ ತರಚಿದ ಗಾಯ, ಅದರೊಳಗೆ ಮೈದಾನದ ಕೆಂಪು ಮಣ್ಣು.

ಮತ್ತೆ ಆಡುತ್ತಿದ್ದೀಯೇನು ಎಂದು ಕೇಳಿದೆ.

"ಆ ಕಾಲಿನ ಮ್ಯಾಲ ಭಾರ ಹಾಕಂಗಿಲ್ರಿ, ಇದರ ಮ್ಯಾಲ ಆಡಾಕತ್ತೇನಿ" ಎಂದಳು.

ಆಯ್ಕೆಯೇ ಮುಗಿದುಹೋಯಿತಲ್ಲ ತಾಯಿ, ಇನ್ನು ಯಾತಕ್ಕೆ, ಎಂದೆ. ಊರ ಪಂದ್ಯಗಳಲ್ಲಿ ಯಾರೂ ವಯಸ್ಸು ಕೇಳುವುದಿಲ್ಲ ಎಂದಳು. ಅವ್ವನಿಗೆ ಹೇಳಬೇಡಿರೆಂದು ಬೇಡಿಕೊಂಡಳು. ನಾನು ಬಗ್ಗಿ ಆ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಸಿಯಾಗಿತ್ತು. ಬೈಯಬೇಕೆಂದರೆ ಅಳು ಬಂತು.

ನಾನು ಅಳುವುದನ್ನು ನೋಡಿ ಅವಳು ಮೆತ್ತಗೆ ಕಾಲು ಎಳೆದುಕೊಂಡಳು.

"ನೀವು ಕಾಲ ಇಟ್ರೂ ಆಡ್ತೇನಿ, ಇಡದಿದ್ರೂ ಆಡ್ತೇನ್ರಿ ಅಕ್ಕೋರ" ಎಂದಳು. "ಇಟ್ರ ಅಂಜಿಕಿ ಕಡಿಮಿ ಆಗ್ತೈತಿ, ಅಷ್ಟ."