ಅಪರಿಚಿತ ಮೂಲದ ಅಕ್ಕ

ಹೊಸ ಫೋನು ಮೊನ್ನೆ ನನ್ನ ಅಕ್ಕನನ್ನು ಅಪರಿಚಿತಳು ಎಂದಿತು. ಅವಳು ಮಾಡಿದ ಬಸ್ ಟೈಮಿನ ಆ್ಯಪನ್ನು ಹಳೆಯ ಫೋನಿನಿಂದ ದಾಟಿಸಿಕೊಳ್ಳಲು ಹೋದರೆ, ಇದು ಅಪರಿಚಿತ ಮೂಲದ್ದು, ಹಾನಿಯಾಗಬಹುದು ಎಂದು ಎಚ್ಚರಿಕೆ ಬಂತು. ಅಕ್ಕ ಇದ್ದಿದ್ದರೆ ನಗುತ್ತಿದ್ದಳು. ಅವಳು ಹೋಗಿ ವರ್ಷವಾಗುತ್ತ ಬಂತು.

ಅಕ್ಕ ಕೊಪ್ಪದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ನಮ್ಮ ಕಡೆಯ ಬಸ್ಸಿಗೆ ಹಣೆಯ ಮೇಲೆ ಒಂದು ಹೆಸರಾದರೆ ಜನರ ಬಾಯಲ್ಲಿ ಇನ್ನೊಂದು. ಅವಳ ಆ್ಯಪಿನಲ್ಲಿದ್ದದ್ದು ಬಾಯಿಯ ಹೆಸರುಗಳು: ಶೃಂಗೇರಿಯ ಟೀಚರ್ ಬಸ್ಸು, ಮುತ್ತಿನಕೊಪ್ಪದ ಹಾಲಿನ ಬಸ್ಸು. ಹಾಲಿನ ಬಸ್ಸಿನ ಎದುರು ಗಂಟೆಯ ಬದಲು ‘ಕ್ಯಾನ್ ಹತ್ತಿಸಿದ ಮೇಲೆ’ ಎಂದಿತ್ತು.

“ಇದೆಂಥ ಟೈಮೇ?” ಎಂದು ಕೇಳಿದ್ದೆ.

“ಇದೇ ಸರಿ ಟೈಮು. ಗಂಟೆ ಹಾಕಿದ್ರೆ ಸುಳ್ಳು ಹೇಳಿದ ಹಾಗಾಗ್ತದೆ.”

ನಾನು ಗಂಟೆ ನಂಬಿ ಬಸ್ಸು ತಪ್ಪಿಸಿಕೊಳ್ಳುವ ಪೈಕಿ.

ಪ್ಲೇ ಸ್ಟೋರ್‌ಗೆ ಹಾಕು ಎಂದರೆ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಹೆಂಗಸರು ಡೇರೆ ಹೂವಿನ ಗೆಡ್ಡೆ ಹಂಚಿಕೊಳ್ಳುತ್ತಾರಲ್ಲ, ಹಾಗೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಪಕ್ಕದವರ ಫೋನಿಗೆ ಕಳಿಸುತ್ತಿದ್ದಳು. ಆಗಲೂ ಫೋನುಗಳು ಎಚ್ಚರಿಸುತ್ತಿದ್ದವು.

“ಇದಕ್ಕೆ ನಾನು ಯಾರಂತ ಗೊತ್ತಿಲ್ವಂತೆ ಮಾರಾಯ! ಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಯಾರನ್ನಾದ್ರೂ ಕೇಳಕ್ಕೆ ಹೇಳು.”

ಆ್ಯಪು ಮುಚ್ಚುವ ಗುಂಡಿಗೆ ‘ಬರ್ತೀನಿ’ ಎಂದು ಹೆಸರಿಟ್ಟಿದ್ದಳು. ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲ. ಒತ್ತಿದರೆ ಅವಳದೇ ದನಿಯಲ್ಲಿ ಉತ್ತರ. ಅವಳ ಫೋಟೋಗಳು ಬೇಕಾದಷ್ಟಿವೆ. ದನಿ ಉಳಿದಿರುವುದು ಅಲ್ಲೊಂದೇ ಕಡೆ. ಹಳೆಯ ಫೋನಿನ ಬ್ಯಾಟರಿಯೋ ಉಬ್ಬಿಕೊಂಡಿತ್ತು.

ನರಸಿಂಹರಾಜಪುರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವರು ಅನುಮತಿ ಕೊಡುವ ಜಾಗ ತೋರಿಸಿದರು.

“ಸದ್ಯಕ್ಕೆ ಬಿಡ್ತದೆ. ಮುಂದೆ ಮಾಡಿದವ್ರೇ ಗುರುತು ಕೊಟ್ಟು ನೋಂದಾಯಿಸ್ಬೇಕಂತೆ, ಇಲ್ದಿದ್ರೆ ಕಷ್ಟ. ಈಗಿನ ಮೋಸ ನೋಡಿದ್ರೆ ಅದೂ ಸರಿನೇ. ಅವ್ರಿಗೊಂದು ಮಾತು ಹೇಳಿಬಿಡಿ.”

“ಹೇಳ್ತೀನಿ” ಎಂದೆ.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅನುಮತಿ ಒತ್ತಿ, ಬಸ್ಸು ಹತ್ತಿ ಕೂತು, ಆ್ಯಪು ತೆರೆದೆ. ಟೀಚರ್ ಬಸ್ಸು ಈಗ ಓಡುವುದಿಲ್ಲ, ಟೀಚರೂ ರಿಟೈರಾದರು. ಹಾಲಿನ ಬಸ್ಸಿನ ಸಮಯ ಮಾತ್ರ ಇನ್ನೂ ಸರಿಯಾಗಿತ್ತು. ನಾನು ಕೂತಿದ್ದುದು ಅದರಲ್ಲೇ, ಖಾಲಿ ಕ್ಯಾನುಗಳನ್ನು ಹತ್ತಿಸುತ್ತಿದ್ದರು. ‘ಬರ್ತೀನಿ’ ಒತ್ತಿದೆ.

“ಹೂಂ, ಹೋಗ್ ಬಾ ಮಾರಾಯ. ಸೀಟ್ ಸಿಕ್ತಾ?”

“ಸಿಕ್ತು” ಎಂದುಬಿಟ್ಟೆ, ಸ್ವಲ್ಪ ಗಟ್ಟಿಯಾಗಿಯೇ.

ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದರು. “ಅದೆಂಥದ್ದು? ಮಾತಾಡ್ತದಲ್ಲ! ನಂಗೂ ಕಳಿಸಿ.”

ಇದರಲ್ಲಿರುವ ಅರ್ಧ ಬಸ್ಸುಗಳು ಈಗ ನಿಂತುಹೋಗಿವೆ ಎಂದು ಹೇಳಿಯೇ ಕಳಿಸಿದೆ. ಅವರು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದರು.

“ಯಾರೋ ಗೊತ್ತಿಲ್ದವ್ರದ್ದು ಅಂತ ಬರ್ತಿದೆ ಮಾರಾಯ್ರೆ.”

“ಫೋನಿಗೆ ಗೊತ್ತಿಲ್ಲ” ಎಂದೆ. “ನಮ್ಮ ಅಕ್ಕಂದು.”