ಕೆಂಪು ದಾರದ ದಾಳಿಂಬೆ

ಆಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಮಾವ, ಸೊಸೆ ಎದುರುಬದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಹಿತ್ತಲಿನ ದಾಳಿಂಬೆಯ ಕಥೆ ನಿಮಗೆ ತಿಳಿಯುವುದಿಲ್ಲ. ಅಜ್ಜ ಪಡಸಾಲೆಯಲ್ಲಿ, ಅವ್ವ ಅಡುಗೆಮನೆಯಲ್ಲಿ, ನಡುವೆ ಪರಕಾರದ ನೆರಿಗೆ ಎತ್ತಿಕೊಂಡು ಓಡಾಡುವ ನಾನು. “ಗಂಗೀ, ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂತ ನಿಮ್ಮವ್ವಗ ಹೇಳು” ಎನ್ನುತ್ತಿದ್ದ ಅಜ್ಜ. ಅವ್ವ ಬಾಗಿಲ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿರುತ್ತಿದ್ದಳು. ಆದರೂ ನಾನು ಎದ್ದು ಹೋಗಿ ಅದನ್ನೇ ಮತ್ತೆ ಹೇಳಬೇಕು. ಒಂಬತ್ತು ವರ್ಷದ ನನಗೆ ಏನು ಗತ್ತು ಅಂತೀರಿ! ಕೆಲವೊಮ್ಮೆ ನನ್ನ ಕಡೆಯದೂ ಒಂದೆರಡು ಮಾತು ಸೇರಿಸಿ ಮುಟ್ಟಿಸುತ್ತಿದ್ದೆ.

ಅಪ್ಪನದು ಮಗ್ಗ, ಅಜ್ಜನದು ನೂಲಿಗೆ ಬಣ್ಣ ಹಾಕುವ ಕಸುಬು. ಅಜ್ಜನ ಕೈ ಮೊಣಕೈತನಕ ನೀಲಿ. ಊಟಕ್ಕೆ ಕುಳಿತರೂ ಹೋಗದು, ಹಬ್ಬದ ದಿನ ಎಣ್ಣೆ ಹಚ್ಚಿ ಎರೆದುಕೊಂಡರೂ ಹೋಗದು. ಅದೇ ಅವನಿಗೆ ಹೆಮ್ಮೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಹಿತ್ತಲಿಗೆ ಒಂದು ಹಣ್ಣಿನ ಗಿಡ ಹಚ್ಚುವ ಮಾತು ಬಂತು. ಒಂದೇ ಗಿಡ, ಯಾಕೆಂದರೆ ನೀರು ಅಷ್ಟೇ. ಕುಡಿಯುವ ನೀರನ್ನು ಹೆಂಗಸರು ದೂರದಿಂದ ಹೊತ್ತು ತರುತ್ತಿದ್ದರು. ಗಿಡಕ್ಕೆ ಸಿಗುವುದು ಬಚ್ಚಲ ನೀರು ಮಾತ್ರ. ಅಪ್ಪ ಲಿಂಬೆ ಎಂದ. ನಾನು ಪೇರಲ ಎಂದು ಹಟ ಹಿಡಿದೆ. ಅಜ್ಜನಿಗೆ ಹುಳಿ ದಾಳಿಂಬೆಯೇ ಆಗಬೇಕು. ಅದರ ಸಿಪ್ಪೆ ದಪ್ಪ, ಬಣ್ಣಕ್ಕೆ ಬಹಳ ಒಳ್ಳೆಯದಂತೆ. “ಹಣ್ಣು ಯಾರಿಗೆ ಬೇಕಾಗೇತಿ? ಸಿಪ್ಪಿ ನೋಡಬೇಕು ಸಿಪ್ಪಿ!” ಎಂದ. ತಿನ್ನುವುದಕ್ಕಲ್ಲದೆ ಸಿಪ್ಪೆಗಾಗಿ ಗಿಡ ಹಚ್ಚುವ ಮನುಷ್ಯನನ್ನು ನಾನು ಅವನೊಬ್ಬನನ್ನೇ ಕಂಡಿದ್ದು.

ಅವ್ವ ಮಾತ್ರ ಏನೂ ಅನ್ನಲಿಲ್ಲ. ಅಷ್ಟರಲ್ಲಿ ಗುಡೂರಿನಿಂದ, ಅಂದರೆ ಅವಳ ತವರಿನಿಂದ, ಸುದ್ದಿ ಬಂತು. ಅವಳ ತಾಯಿ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಅಣ್ಣಂದಿರು ಹಿತ್ತಲಲ್ಲಿ ಒಂದು ಖೋಲಿ ಕಟ್ಟಲು ಹೊರಟಿದ್ದರು. ಅಲ್ಲಿದ್ದ ಸಿಹಿ ದಾಳಿಂಬೆಯನ್ನು ಕಡಿಯುತ್ತಾರಂತೆ. ಅವ್ವ ಮರುದಿನವೇ ಹೋದಳು. ಹಸಿ ಅರಿವೆಯಲ್ಲಿ ನಾಲ್ಕು ಟೊಂಗೆ ಸುತ್ತಿಕೊಂಡು ಸಂಜೆಗೆ ಬಂದಳು. ಒಡಕು ಗಡಿಗೆಯಲ್ಲಿ ನೆಟ್ಟಳು. ಮೂರು ಒಣಗಿದವು, ಒಂದು ಚಿಗುರಿತು. ಅವಳ ತಾಯಿಯ ಗಿಡದ್ದು ಜಗತ್ತಿನಲ್ಲಿ ಉಳಿದದ್ದು ಅಷ್ಟೇ.

ಅಪ್ಪ ಲಿಂಬೆಯ ಮಾತು ಬಿಟ್ಟ. ನಾನೂ ಪೇರಲ ಬಿಟ್ಟೆ, ಅತ್ತು ಬಿಟ್ಟೆ. ಅಜ್ಜ ಬಿಡಬೇಕಲ್ಲ! ಬಾಗಲಕೋಟೆಯ ತನ್ನ ಬಣ್ಣಗಾರ ಗೆಳೆಯನ ಹಿತ್ತಲಿನಿಂದ ಹುಳಿ ದಾಳಿಂಬೆಯ ಟೊಂಗೆ ತಂದು ಅಂಥದೇ ಇನ್ನೊಂದು ಒಡಕು ಗಡಿಗೆಯಲ್ಲಿ ಊರಿದ. ಅದೂ ಚಿಗುರಿತು. ಎಲೆ ನೋಡಿದರೆ ಎರಡೂ ಒಂದೇ. ಅದಕ್ಕೆ ಅಜ್ಜ ಅವ್ವನ ಗಿಡಕ್ಕೆ ಕೆಂಪು ದಾರ, ತನ್ನ ಗಿಡಕ್ಕೆ ಹಳದಿ ದಾರ ಕಟ್ಟಿದ. “ನಿಮ್ಮವ್ವಗ ಹೇಳು, ಮಳಿ ಬೀಳೂತನಕ ಎರಡೂ ಇರಲಿ. ಆಮ್ಯಾಲ ಯಾವುದು ಹಚ್ಚೂದು ನೋಡೂಣು. ದಾರದ ಕಾಳಜಿ ಬ್ಯಾಡ, ಈ ಕೈಯಾಗಿನ ಬಣ್ಣ ಅದು. ಸೀರಿ ಹರಿದೀತು, ಬಣ್ಣ ಹೋಗೂದಿಲ್ಲ.”

ಬೇಸಿಗೆಯುದ್ದಕ್ಕೂ ಗಡಿಗೆಗಳನ್ನು ನೆರಳಿದ್ದ ಕಡೆ ಸರಿಸುವ ಕೆಲಸ ನನ್ನದು. ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು, ಎಲ್ಲ ಅವಕ್ಕೇ. ಸಂಜೆಯಾದರೆ ಅವ್ವ ಬಂದು ಚಿಗುರು ಮುಟ್ಟಿ ನೋಡುತ್ತಿದ್ದಳು. “ನಮ್ಮವ್ವ ಹಣ್ಣು ಒಡದು ಕಾಳು ಬಿಡಿಸಿ ನನ್ನ ಉಡ್ಯಾಗ ಹಾಕತಿದ್ಲು ಗಂಗೀ” ಎಂದಳು ಒಮ್ಮೆ. ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. ಸೀದಾ ಅಜ್ಜನ ಹತ್ತಿರ ಹೋಗಿ, “ಅಜ್ಜಾ, ಅವ್ವ ಹೇಳ್ಯಾಳ. ನನಗ ಬ್ಯಾರೆ ಏನೂ ಬ್ಯಾಡ, ನಮ್ಮವ್ವನ ಗುರ್ತು ಅದೊಂದ ಐತಿ, ಅದನ್ನ ಉಳಿಸ್ರಿ ಅಂತ” ಎಂದುಬಿಟ್ಟೆ. ಅವ್ವ ಹೇಳಿರಲೇ ಇಲ್ಲ. ಅಜ್ಜ ಬಣ್ಣದ ಹಂಡೆಯಲ್ಲಿ ಕೋಲು ತಿರುವುತ್ತಲೇ ಇದ್ದ.

ಮೊದಲ ಮಳೆ ಬಿದ್ದ ಬೆಳಗ್ಗೆ ಬಚ್ಚಲ ಪಕ್ಕ ತಾನೇ ಗುಂಡಿ ತೋಡಿ ನನ್ನನ್ನು ಕರೆದ. “ನಿಮ್ಮವ್ವಗ ಹೇಳು. ಕೆಂಪು ದಾರದ್ದ ಹಚ್ಚೂಣು. ನಂದು ಯಾರಿಗೆ ಬೇಕೋ ಅವರು ಒಯ್ಯಲಿ.”

ನಾನು ಓಡಿದೆ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡೇ ಇರಲಿಲ್ಲ. ಅಜ್ಜ ಗಡಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕುಳಿತವನು ಮೇಲೇಳಲಿಲ್ಲ.

ಎರಡೂ ದಾರ ಬಿಳಿಚಿಕೊಂಡಿದ್ದವು. ಬಿಸಿಲಿಗೆ, ದಿನದಿನದ ನೀರಿಗೆ ಬಣ್ಣ ಚೂರುಚೂರೇ ಹೋಗಿತ್ತು, ದಿನಾ ನೋಡುವ ನಮ್ಮ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಅಜ್ಜ ಗಂಟು ಬಿಚ್ಚಿ ಒಳಗೆ ನೋಡಿದ. ಅಲ್ಲೂ ಏನಿಲ್ಲ. ದಾರದ ನಂಬಿಕೆಯ ಮೇಲೆ ಯಾರೂ ಬೇರೆ ಗುರುತು ಇಟ್ಟಿರಲಿಲ್ಲ. ನಾನಂತೂ ಗಡಿಗೆಗಳನ್ನು ನೂರು ಸಲ ಅದಲುಬದಲು ಮಾಡಿದ್ದೆ. ಅವ್ವ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಒಲೆಯ ಮುಂದೆ ಅವಳು ಬಿಕ್ಕುವುದು ಹಿತ್ತಲಿಗೂ ಕೇಳಿಸಿತು.

ಅಜ್ಜ ಎರಡೂ ದಾರವನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. ನಾನು ಹಿಂದೆಯೇ ಹೋದೆ, ಹೇಳುವುದೇನಾದರೂ ಇದ್ದರೆ ಹೇಳಲು. ಅವನು ನನ್ನ ಕಡೆ ತಿರುಗಲೇ ಇಲ್ಲ.

“ತಪ್ಪು ನಂದ ಐತಿ ಯವ್ವಾ” ಎಂದ, ಒಳಗೆ ನೋಡಿ. “ಅದು ನನ್ನ ಹಂಡೇದ ಬಣ್ಣ ಅಲ್ಲ. ಪ್ಯಾಟ್ಯಾಗಿನ ಡಬ್ಬಿ ಬಣ್ಣ. ಕೈಯಾಗ ಕಸುವು ಉಳದಿಲ್ಲ, ಹಗುರ ಆಗ್ತೈತಿ ಅಂತ ಯಾರಿಗೂ ಹೇಳದ ತಂದಿದ್ದೆ. ಎರಡೂ ಗಿಡ ಹಚ್ಚೂಣು. ಒಂದೂ ಸಾಯಗೊಡೂದಿಲ್ಲ ನಾ.”

ಬಿಕ್ಕುವುದು ನಿಂತಿತು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮಾವ ಅವಳಿಗೇ ನೇರವಾಗಿ ಆಡಿದ ಮೊದಲ ಮಾತು ಅದು.

ಒಂದು ಗಿಡ ಬಚ್ಚಲ ಪಕ್ಕ, ಇನ್ನೊಂದು ಆ ತುದಿಯ ಗೋಡೆಯ ಹತ್ತಿರ ನಾಟಿದರು. ಮಳೆಗಾಲ ಮುಗಿದ ಕೂಡಲೇ ಅಜ್ಜ ಅಪ್ಪನ ಕೈ ಹಚ್ಚಿಸಿಕೊಂಡು ಒಂದು ಕೆಂಪು ಹಾಸುಗಲ್ಲನ್ನು ಆ ಗೋಡೆಯ ಬಳಿಗೆ ಹೊರಳಿಸಿದ. ಅಂದಿನಿಂದ ಅವನ ಜಳಕ ಅಲ್ಲೇ, ಬಯಲಲ್ಲಿ. ಮೈಮೇಲೆ ಬಿದ್ದ ನೀರೆಲ್ಲ ಗಿಡದ ಬುಡಕ್ಕೆ. ಚಳಿಗಾಲದ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. “ಥಂಡಿ ಹತ್ತೀತು, ಬಚ್ಚಲದಾಗ ಮಾಡ್ರಿ” ಎಂದು ಅಪ್ಪ ರೇಗಿದರೆ, “ಗಿಡಕ್ಕ ನೀರು ನೀ ಹೊರ್ತಿಯೇನಲೇ?” ಎಂದು ಬಾಯಿ ಮುಚ್ಚಿಸುತ್ತಿದ್ದ.

ಮೂರನೆಯ ವರ್ಷ ಎರಡೂ ಕಾಯಿ ಬಿಟ್ಟವು. ಬಚ್ಚಲ ಪಕ್ಕದ ಹಣ್ಣನ್ನು ಮೊದಲು ನಾನೇ ಒಡೆದು ಬಾಯಿಗೆ ಹಾಕಿಕೊಂಡೆ. ಅಬ್ಬಬ್ಬಾ, ಆ ಹುಳಿ! ಕಣ್ಣು ಮುಚ್ಚಿಹೋದವು. ಅವ್ವ ಓಡುತ್ತಲೇ ಗೋಡೆಯ ಗಿಡಕ್ಕೆ ಹೋದಳು. ಒಂದು ಹಣ್ಣು ಕಿತ್ತು, ಆ ಹಾಸುಗಲ್ಲಿಗೇ ಬಡಿದು ಒಡೆದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ಮುಖ ನಗುತ್ತಿತ್ತು. ಆಮೇಲೆ ಕಾಳೆಲ್ಲ ಬಿಡಿಸಿ ಬಟ್ಟಲಿಗೆ ಹಾಕಿದಳು. ನಾನು ಕೈ ಚಾಚಿದೆ, ಅಜ್ಜನಿಗೆ ಒಯ್ದು ಕೊಡಲು. ಅವಳು ನನ್ನನ್ನು ದಾಟಿ ಪಡಸಾಲೆಗೆ ನಡೆದಳು.

“ತಗೋರಿ ಮಾವಾರ. ನಮ್ಮವ್ವನ ಗಿಡದ್ದು” ಎಂದಳು.

ಅಜ್ಜ ನೀಲಿ ಕೈ ಎರಡನ್ನೂ ಒಡ್ಡಿದ. ನನ್ನ ಟಪಾಲಿನ ಕೆಲಸ ಅಂದಿಗೆ ಮುಗಿಯಿತು.

ಈಗ ಆ ಹಿತ್ತಲಿಲ್ಲ, ಆ ನೀಲಿ ಕೈಯಿಲ್ಲ, ಅವ್ವನಿಲ್ಲ. ಬಾಗಲಕೋಟೆಯ ನನ್ನ ಮನೆಯಲ್ಲಿ ಜಳಕದ ನೀರು ಕೊಳವೆಯೊಳಗೆ ಹೊಕ್ಕು ಎಲ್ಲಿಗೋ ಹೋಗುತ್ತದೆ. ನಾನೂ ಸೊಸೆಯೂ ದಿನವಿಡೀ ಮಾತಾಡುತ್ತೇವೆ, ಜಗಳವನ್ನೂ ಆಡುತ್ತೇವೆ. ಒಳ್ಳೆಯದೇ ಆಯಿತು. ಆದರೆ ಒಂದು ಮಾತಿಗೆ ಅಷ್ಟು ತೂಕ ಇದ್ದ ಕಾಲ ಹೋಯಿತಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಆ ಸಿಹಿ ಗಿಡದ ಟೊಂಗೆ ಮಾತ್ರ ನಾನು ಹೋದಲ್ಲೆಲ್ಲ ನನ್ನ ಜೊತೆ ಬಂದಿದೆ. ಈಗ ಅಂಗಳದಲ್ಲಿ ಎದೆಮಟ್ಟ ಬೆಳೆದು ಹೂ ಹಿಡಿದಿದೆ. ಹಚ್ಚಿದ ದಿನ ಒಂದು ಕೆಂಪು ದಾರ ಕಟ್ಟಿದ್ದೆ. ಮೊನ್ನೆ ಸೊಸೆ ಕೇಳಿದಳು, “ಅತ್ತೀ, ಈ ದಾರ ಬಿಚ್ಚಿ ಒಗೀಲೇನ್ರಿ? ಬಣ್ಣೆಲ್ಲ ಹೋಗೇತಿ.”

“ಹೋಗಲಿ ಬಿಡವಾ” ಎಂದೆ. “ಹಿಂದಕ ಹಿಂಗ ಬಣ್ಣ ಹೋಗಿದ್ದಕ್ಕ ನಮ್ಮಜ್ಜ ನಮ್ಮವ್ವನ ಕೂಡ ಬಾಯಿ ಬಿಟ್ಟ.”