ನೆಲಕ್ಕೆ ಸಮನಾದ ಹೊಸ್ತಿಲು

ಎರಡೂ ಕಾಲು ಗಟ್ಟಿಯಿದ್ದ ಚನ್ನಪ್ಪ ಕಾಕಾ ಗಾಲಿಕುರ್ಚಿಯಲ್ಲಿ ಕೂತು ಖಾಲಿ ಜಾಗದಲ್ಲಿ ತಿರುಗುತ್ತಿದ್ದರು. ನವಲಗುಂದದ ಅಂಚಿನಲ್ಲಿ, ಮನೆಯಿಲ್ಲದವರಿಗೆ ಮನೆ ಕಟ್ಟಲು ಬಿಟ್ಟ ಜಾಗ ಅದು. ನಕ್ಷೆ ತೆಗೆಯುವ ಇಂಜಿನಿಯರು ಅವರು, ನಮ್ಮ ಓಣಿಯವರೇ. ಸುಣ್ಣದ ಪುಡಿಯಿಂದ ನೆಲದ ಮೇಲೆ ಕೋಣೆ, ಬಚ್ಚಲು ಎಳೆದು, ಅದರೊಳಗೆ ಕುರ್ಚಿ ತಿರುಗಿಸಿ ನೋಡುವರು. ಗಾಲಿಗೆ ಸುಣ್ಣ ಹತ್ತಿದರೆ, "ಗ್ವಾಡಿಗೆ ಬಡೀತ ನೋಡ್ರಿ. ಅಳಸ್ರಿ, ಮತ್ತ ಹಾಕೂಣು" ಎನ್ನುವರು.

ಕುರ್ಚಿ ನನ್ನ ಅವ್ವನದು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆಸಿದ ಮೇಲೆ ಅವ್ವ ಎತ್ತರದ ಹೊಸ್ತಿಲಿನ ನಮ್ಮ ಬಾಡಿಗೆ ಮನೆಯಿಂದ ಹೊರಗೆ ಬರುತ್ತಿದ್ದದ್ದು ದವಾಖಾನೆಗೆ ಎತ್ತಿಕೊಂಡು ಒಯ್ದಾಗ ಮಾತ್ರ.

ಮನೆ ಸಿಗಲಿದ್ದ ನಮ್ಮನ್ನೆಲ್ಲ ಕೂಡಿಸಿ ಕಾಕಾ ನಕ್ಷೆ ತೋರಿಸಿದ ದಿನ ಗಂಗವ್ವ ಎದ್ದು ನಿಂತಳು. "ಹೊಸ್ತಲಾನ ಇಲ್ಲಲ್ರಿ. ಇದೇನ್ ಮನಿನೋ, ಗೋದಾಮೋ? ಅರಿಷಿಣ ಕುಂಕುಮ ಎಲ್ಲಿ ಹಚ್ಚೂಣ್ರಿ, ನಿಮ್ಮ ಹಣಿಗೇನು?"

ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. "ನಂದ ತಪ್ಪಾತವ್ವಾ. ಎಡವೋದಷ್ಟ ನೆನಪಿತ್ತು, ಪೂಜಿ ಮಾಡೋದು ಮರ್ತಿದ್ದೆ" ಎಂದರು. ಮುಂದೆ ಪ್ರತಿ ಬಾಗಿಲಿಗೂ ಹೊಸ್ತಿಲ ಕಲ್ಲು ಬಂತು, ನೆಲದ ಮಟ್ಟಕ್ಕೆ ಹೂತು. ಅವ್ವನ ಗಾಲಿ ಕುಂಕುಮದ ಬಾಜುವಿನಿಂದ ಸಲೀಸಾಗಿ ದಾಟುತ್ತಿತ್ತು.

ನಕ್ಷೆಯಲ್ಲಿ ಎದುರಿಗೆ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಇನ್ನೊಂದು ಸಾಲು ಮನೆ ಕೂಡಿಸಿರಿ ಎಂದು ಕೆಲವರು ಹಟ ಹಿಡಿದಾಗ ಕಾಕಾ ಒಪ್ಪಲಿಲ್ಲ. ಅವ್ವನ ಕಡೆ ತಿರುಗಿ, "ಅಕ್ಕಾ, ಬಾಗಲಾ ದಾಟಿದ ಮ್ಯಾಲ ಹೋಗಾಕ ಒಂದ್ ಜಾಗಾ ಬೇಕಲ್ಲ?" ಎಂದರು. ಮನೆಗಳ ಬಾಗಿಲೆಲ್ಲ ಉದ್ಯಾನಕ್ಕೆ ಮುಖ ಮಾಡಿದವು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತದಂತೆ ಬೇವಿನ ಗಿಡಗಳ ನಡುವೆ ಫರಸಿ ಕಲ್ಲಿನ ದಾರಿ ಹಾಕಿಸಿದರು.

ಹೊಸ ಮನೆಗೆ ಬಂದ ವಾರದಲ್ಲೇ ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಮನೆಯಲ್ಲಿ ಅವ್ವ ಇರಲಿಲ್ಲ. ಗಾಬರಿಯಿಂದ ಹೊರಗೆ ಓಡಿದೆ. ಬೇವಿನ ನೆರಳಲ್ಲಿ ಗಂಗವ್ವನ ಜೊತೆ ಹರಟುತ್ತಿದ್ದವಳು, "ಯಾಕ ಓಡ್ಕೋತ ಬಂದಿ? ಹೋಗು, ಚಾ ಇಡು" ಎಂದಳು.

ಕಾಕಾರ ಸ್ವಂತ ಮನೆಗೆ ಮಾತ್ರ ಮೂರು ಮೆಟ್ಟಿಲು. ಅವ್ವ ಕಾಡಿಸಿದಾಗಲೆಲ್ಲ, "ಅದು ನಮ್ಮಪ್ಪ ಕಟ್ಟಿಸಿದ್ದವಾ. ನೀ ಬಂದ್ರ ನಾನ ಇಳದ ಬರ್ತೀನಿ" ಎನ್ನುವರು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ಅವ್ವ ನನ್ನನ್ನು ಕುರ್ಚಿ ತಳ್ಳಗೊಡಲಿಲ್ಲ. ತಾನೇ ಗಾಲಿ ತಿರುವುತ್ತ ಉದ್ಯಾನ ದಾಟಿ ಹಳೆಯ ಓಣಿಗೆ ಹೋಗಿ ಆ ಮೂರು ಮೆಟ್ಟಿಲ ಕೆಳಗೆ ಕುರ್ಚಿ ನಿಲ್ಲಿಸಿದಳು. ನಮ್ಮ ಕಡೆಯ ಪದ್ಧತಿಯಂತೆ ಕಾಕಾರನ್ನು ಕುಳ್ಳಿರಿಸಿ, ಹೂ ಹಾಕಿ, ಹೊತ್ತು ತಂದರು. ಅವ್ವನೆದುರು ಒಂದು ಗಳಿಗೆ ನಿಲ್ಲಿಸಿದರು.

ಕೂತವಳು ಕೂತವರಿಗೆ ಕೈಮುಗಿದಳು. "ಹೇಳಿದಂಗ ಇಳದ ಬಂದ್ಯಾ, ತಮ್ಮಾ" ಎಂದಳು.